ಕುಲಪತಿಗಳ ಮುನ್ನೋಟದಲ್ಲಿ ನಮ್ಮ ಪಾಲು: ಮನವಿ ಸಿದ್ಧಪಡಿಸುವ ಬಗೆ

ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿಗಳು ಬಂದಾಗ ಮೊದಲ ಕೆಲವು ವಾರ ಅವರ ಕೊಠಡಿಯ ಮುಂದೆ ಶಾಲು, ಹಾರ ಹಿಡಿದವರ ಸಾಲು ಇರುತ್ತದೆ. ಆ ಗೌರವ ಸಲ್ಲಬೇಕಾದದ್ದೇ. ಆದರೆ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರಂತೆ ಕುಲಪತಿಗಳ ಅವಧಿ ನಾಲ್ಕೇ ವರ್ಷ. 67 ವರ್ಷ ವಯಸ್ಸು ತುಂಬಿದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಅಂದರೆ ಅವರ ಕೈಗೆ ಸಿಗುವುದು ಹೆಚ್ಚೆಂದರೆ ನಾಲ್ಕು ಆಯವ್ಯಯಗಳು. ಹಾಗಾಗಿ ಕ್ಯಾಂಪಸ್ಸಿಗೆ ಏನು ಬೇಕೆಂಬುದನ್ನು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಬೋಧಕೇತರ ಸಿಬ್ಬಂದಿ ಮೊದಲ ಮೂರು ತಿಂಗಳೊಳಗೆ ಬರಹದಲ್ಲಿ ಅವರ ಮುಂದಿಡುವುದು ಒಳ್ಳೆಯದು.

ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾದದ್ದು 2010ರಲ್ಲಿ. ರಾಯಚೂರು ಮತ್ತು ಕೊಪ್ಪಳದ ವಿಶ್ವವಿದ್ಯಾಲಯಗಳು ಅದಕ್ಕಿಂತಲೂ ಕಿರಿಯವು. ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕುಲಪತಿ ಬದಲಾದರೂ ಪದ್ಧತಿಗಳು ತಾವಾಗಿಯೇ ನಡೆದುಕೊಂಡು ಹೋಗುತ್ತವೆ. ಎಳೆಯ ಸಂಸ್ಥೆಗಳಲ್ಲಿ ಪದ್ಧತಿಗಳಿನ್ನೂ ಗಟ್ಟಿಯಾಗಿಲ್ಲದ ಕಾರಣ, ಒಬ್ಬ ಕುಲಪತಿಗಳು ಹಾಕಿಕೊಟ್ಟ ದಾರಿಯಲ್ಲೇ ಮುಂದಿನವರೂ ನಡೆಯುವ ಸಂಭವ ಹೆಚ್ಚು.

ಮೊದಲು ಯಾವ ಅಧಿಕಾರ ಯಾರ ಬಳಿ ಇದೆ ಎಂಬುದನ್ನು ತಿಳಿದುಕೊಳ್ಳಬೇಕು. ವಿಶ್ವವಿದ್ಯಾಲಯದ ಕಾರ್ಯಕಾರಿ ಮಂಡಳಿಯಾದ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಮತ್ತು ಹಣಕಾಸು ಸಮಿತಿಗಳಿಗೆ ಕುಲಪತಿಗಳೇ ಅಧ್ಯಕ್ಷರು. ಆದರೂ ಕಾಯಂ ಬೋಧಕ ಹುದ್ದೆಗಳನ್ನು ತುಂಬಲು ಸರ್ಕಾರದ ಅನುಮತಿ ಬೇಕು. ಪಠ್ಯಕ್ರಮದ ಬದಲಾವಣೆ ಆಯಾ ವಿಷಯದ ಅಧ್ಯಯನ ಮಂಡಳಿಯಿಂದ ಆರಂಭವಾಗಬೇಕು. ಪರೀಕ್ಷೆ ಮತ್ತು ಫಲಿತಾಂಶದ ಹೊಣೆ ಮೌಲ್ಯಮಾಪನ ಕುಲಸಚಿವರದು. ಇದನ್ನು ತಿಳಿಯದೆ ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿ ಕೊಟ್ಟರೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರದ ಆಚೆಗೆ ಏನೂ ಸಿಗುವುದಿಲ್ಲ.

ಆಮೇಲೆ ಕುಲಪತಿಗಳು ಅಧಿಕಾರ ವಹಿಸಿಕೊಂಡಾಗ ಆಡಿದ ಮಾತನ್ನೋ ಪ್ರಕಟಿಸಿದ ಮುನ್ನೋಟ ಪತ್ರವನ್ನೋ ಪೆನ್ಸಿಲ್ ಹಿಡಿದು ಓದಿ. ಪ್ರತಿ ಭರವಸೆಯ ಪಕ್ಕದಲ್ಲಿ ಅದನ್ನು ಮಾಡುವವರು ಯಾರು, ಹಣ ಯಾವ ಲೆಕ್ಕಶೀರ್ಷಿಕೆಯಿಂದ, ಯಾವಾಗ ಮುಗಿಯಬೇಕು ಎಂದು ಬರೆಯುತ್ತ ಹೋಗಿ. ಬರೆಯಲಾಗದೆ ಖಾಲಿ ಉಳಿದ ಜಾಗಗಳೇ ನಿಮ್ಮ ಮನವಿಯ ವಿಷಯಗಳು. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ.

ಗ್ರಂಥಾಲಯದ ವಾಚನಾಲಯವನ್ನು ರಾತ್ರಿ ಎಂಟರವರೆಗೆ ತೆರೆದಿಡಬೇಕೆಂಬುದು ನಿಮ್ಮ ಬೇಡಿಕೆ ಎಂದುಕೊಳ್ಳೋಣ. ‘ಅವಧಿ ವಿಸ್ತರಿಸಬೇಕು’ ಎಂದಷ್ಟೇ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಮೊದಲು ಎರಡು ವಾರ ಕುಳಿತು ಲೆಕ್ಕ ಮಾಡಿ: ಬಾಗಿಲು ಮುಚ್ಚುವ ಹೊತ್ತಿಗೆ ಎಷ್ಟು ಜನ ಓದುತ್ತಿರುತ್ತಾರೆ, ಅವರಲ್ಲಿ ಹಾಸ್ಟೆಲಿನವರೆಷ್ಟು, ಸಿರುಗುಪ್ಪ, ಕುರುಗೋಡು, ಸಂಡೂರಿನ ಕಡೆಯಿಂದ ದಿನವೂ ಬಂದು ಹೋಗುವವರೆಷ್ಟು, ಹೆಣ್ಣುಮಕ್ಕಳೆಷ್ಟು. ಬಳಿಕ ಪಾಳಿಯ ಆದೇಶಕ್ಕೆ ಕುಲಸಚಿವರು, ಹೆಚ್ಚುವರಿ ಸಿಬ್ಬಂದಿ ಮತ್ತು ಕಾವಲುಗಾರರ ವೇತನಕ್ಕೆ ಹಣಕಾಸು ಅಧಿಕಾರಿ, ರಾತ್ರಿಯ ಬಸ್ಸಿಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಭಾಗೀಯ ಕಚೇರಿ ಎಂದು ಕೆಲಸವನ್ನು ಬಿಡಿಸಿ ತೋರಿಸಿ. ಮೂರು ತಿಂಗಳು ಪ್ರಯೋಗವಾಗಿ ನಡೆಸಿ ನೋಡಲು ಕೇಳಿ. ಬಸ್ಸಿನ ಮಾತನ್ನು ಮಾತ್ರ ಎಂದಿಗೂ ಬಿಡಬೇಡಿ. ಎಂಟಕ್ಕೆ ಬಾಗಿಲು ಮುಚ್ಚಿದ ಮೇಲೆ ಊರಿಗೆ ಹೋಗುವ ದಾರಿಯಿಲ್ಲದಿದ್ದರೆ ಆ ವಾಚನಾಲಯ ಹಳ್ಳಿಯ ಹುಡುಗಿಯ ಪಾಲಿಗೆ ಇದ್ದೂ ಇಲ್ಲದಂತೆ.

ಕಾಲವೂ ಮುಖ್ಯ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ ಹಣ ಬೇಡುವ ಮನವಿ ಡಿಸೆಂಬರಿನೊಳಗೆ ತಲುಪಿದ್ದರೆ ಮುಂದಿನ ಆಯವ್ಯಯದಲ್ಲಿ ಅದಕ್ಕೆ ಜಾಗ ಸಿಗುವ ಆಸೆ ಇಟ್ಟುಕೊಳ್ಳಬಹುದು. ಕಟ್ಟಡ ಅಥವಾ ಪ್ರಯೋಗಾಲಯದಂಥ ದೊಡ್ಡ ಬೇಡಿಕೆಯಾದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವನೆ ಕಳುಹಿಸಬೇಕೆಂದು ಕೋರುವುದು ಉಚಿತ. ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ದೊರೆತದ್ದೇ ಇಂಥ ಕೊರತೆಗಳನ್ನು ತುಂಬಲೆಂದು.

ಅತಿಥಿ ಉಪನ್ಯಾಸಕರ ಬಗ್ಗೆ ಒಂದು ಮಾತು ಹೇಳಲೇಬೇಕು. ಎಷ್ಟೋ ವಿಭಾಗಗಳಲ್ಲಿ ಪಾಠ ನಡೆಯುತ್ತಿರುವುದು ಅವರಿಂದಲೇ. ಅವರ ಹೆಸರೆತ್ತದ ಯಾವ ಮುನ್ನೋಟವೂ ಪೂರ್ಣವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರನ್ನು ಕಾಯಂ ಮಾಡುವುದು ಕುಲಪತಿಗಳ ಕೈಯಲ್ಲಿಲ್ಲ, ನಿಜ. ಆದರೆ ಗೌರವಧನ ಪ್ರತಿ ತಿಂಗಳೂ ಗೊತ್ತಾದ ದಿನಾಂಕಕ್ಕೆ ಸೇರುವಂತೆ ನೋಡಿಕೊಳ್ಳುವುದು, ಕೂರಲು ಒಂದು ಕೊಠಡಿ ಕೊಡುವುದು, ವಿಭಾಗದ ಸಭೆಗೆ ಕರೆಯುವುದು ಅವರಿಂದ ಸಾಧ್ಯ. ವಿದ್ಯಾರ್ಥಿಗಳು ತಮ್ಮ ಗುರುಗಳ ಪರವಾಗಿ ಇದನ್ನು ಕೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಮನವಿ ಒಂದು ಪುಟ ಮೀರದಿರಲಿ; ಲೆಕ್ಕದ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿ. ‘ಮಾನ್ಯ ಕುಲಪತಿಗಳಿಗೆ’ ಎಂದು ಆರಂಭಿಸಿ, ವಿಭಾಗದ ಮುಖ್ಯಸ್ಥರ ಮೂಲಕ ಕಳುಹಿಸಿ, ಕುಲಸಚಿವರಿಗೂ ಪ್ರತಿ ಕೊಡಿ. ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಭೇಟಿಗೆ ಮೂವರೇ ಹೋಗಿ, ಮಾತನಾಡುವವರು ಒಬ್ಬರೇ ಇರಲಿ. ಸಂಯೋಜಿತ ಕಾಲೇಜಿನವರೊಬ್ಬರು ಆ ಮೂವರಲ್ಲಿದ್ದರೆ ಉತ್ತಮ, ಏಕೆಂದರೆ ವಿಶ್ವವಿದ್ಯಾಲಯದ ಬಹುಪಾಲು ಮಕ್ಕಳು ಓದುವುದು ತಾಲ್ಲೂಕಿನ ಕಾಲೇಜುಗಳಲ್ಲೇ ಹೊರತು ಕ್ಯಾಂಪಸ್ಸಿನಲ್ಲಲ್ಲ.

ವೈಯಕ್ತಿಕ ದೂರುಗಳನ್ನು ಈ ಮನವಿಯಲ್ಲಿ ಬೆರೆಸಬಾರದು. ಅದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಗಳಂತೆ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇದೆ. ಅದು ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ಅಲ್ಲಿಯೂ ಸಮಾಧಾನವಾಗದಿದ್ದರೆ ಇಂಥ ದೂರುಗಳನ್ನು ಆಲಿಸುವ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಸಲ್ಲಿಸಬಹುದು.

ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ ಮೊಹರಿನ ದಿನಾಂಕ ನಮೂದಿಸಿ ವಿನಯದಿಂದ ಒಂದು ನೆನಪೋಲೆ ಕಳುಹಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಮನವಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನಗಳ ಗಡುವಿದೆ. ಆ ಹಾಳೆಗಳು ಕೈಗೆ ಬಂದಾಗ ಕಡತ ಯಾವ ಮೇಜಿನ ಮೇಲೆ ನಿಂತಿದೆಯೋ ಅದು ಕಾಣುತ್ತದೆ, ಮುಂದಿನ ಭೇಟಿಯನ್ನು ಆ ಮೇಜಿನಿಂದಲೇ ಆರಂಭಿಸಿ.