ಕೊಂಡುಕುರಿಗಾಗಿ ಲೋಕಸಭೆಯಲ್ಲಿ ಪ್ರಶ್ನೆ ಕೇಳಿಸಿದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮನವಿ ಪತ್ರ ಟೈಪ್ ಮಾಡುವುದೇ ಹೊಟ್ಟೆಪಾಡು. ಹೀಗಾಗಿ ಯಾವ ಮನವಿ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬ ಅಂದಾಜು ನನಗೆ ಚೆನ್ನಾಗಿಯೇ ಇದೆ. ಶಾಲು, ಹಾರ, ಫೋಟೋ, ಮಾರನೇ ದಿನ ಪೇಪರಿನ ಮೂಲೆಯಲ್ಲಿ ಸುದ್ದಿ. ಅಲ್ಲಿಗೆ ಮುಗಿಯಿತು. ನಮ್ಮ ಹಕ್ಕಿ ನೋಡುವ ಗುಂಪಿನವರು ಬೇಟೆ ವಿಷಯ ಎತ್ತಿಕೊಂಡು 'ಸಂಸದರಿಗೆ ಒಂದು ಮನವಿ ಬರೆದುಕೊಡಿ' ಎಂದು ಬಂದಾಗ ನಾನು ಹೇಳಿದ್ದು ಒಂದೇ ಮಾತು: ಮನವಿ ಬೇಡ, ಪ್ರಶ್ನೆ ಬರೆಯೋಣ. ಮನವಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಸದನದಲ್ಲಿ ಸ್ವೀಕಾರವಾದ ಪ್ರಶ್ನೆಗೆ ಮಂತ್ರಿ ಉತ್ತರ ಕೊಡಲೇಬೇಕು.

ವಿಷಯ ಏನಪ್ಪಾ ಅಂದರೆ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ. 2011ರಲ್ಲಿ ಅದು ಕೊಂಡುಕುರಿ ವನ್ಯಧಾಮ ಆಯಿತು, ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಪುಟ್ಟ ಜಿಂಕೆಯಂಥ ಪ್ರಾಣಿ. ಗಂಡಿಗೆ ಮಾತ್ರ ಕೊಂಬು. ಹಿಂದಿನ ಎರಡು ಉದ್ದ, ಮುಂದಿನವು ಮೊಳಕೆಯಷ್ಟು. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ, ಹಿಂಡು ಕಟ್ಟುವುದಿಲ್ಲ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಅಭ್ಯಾಸ ಬೇರೆ. ಬೇಟೆಗಾರನಿಗೆ ಇದಕ್ಕಿಂತ ಏನು ಬೇಕು ಹೇಳಿ. ಹಿಕ್ಕೆ ರಾಶಿ ಕಂಡರೆ ಪ್ರಾಣಿಯ ವಿಳಾಸ ಸಿಕ್ಕ ಹಾಗೆ.

ನಮ್ಮ ಕಡೆ ಕೋವಿಗಿಂತ ಉರುಳಿನ ಕಾಟ ಜಾಸ್ತಿ. ಉರುಳು ನೋಡದವರಿಗೆ ಹೇಳುತ್ತೇನೆ. ಬೈಕಿನ ಹಳೇ ಕ್ಲಚ್ ವೈರು ಸಾಕು. ಒಂದು ತುದಿಗೆ ಜಾರುಗಂಟು, ಇನ್ನೊಂದು ತುದಿಯನ್ನು ಬೇಲಿ ಗೂಟಕ್ಕೋ ಜಾಲಿ ಬುಡಕ್ಕೋ ಬಿಗಿಯುತ್ತಾರೆ. ಪ್ರಾಣಿ ನುಗ್ಗುವ ಬೇಲಿಯ ಕಂಡಿಯಲ್ಲಿ ಮೊಣಕಾಲೆತ್ತರಕ್ಕೆ ಇಳಿಬಿಡುತ್ತಾರೆ. ವೈರು ಹೊಳೆಯಬಾರದು ಅಂತ ಮೊದಲೇ ಬೆಂಕಿಗೆ ಹಿಡಿದು ಕಪ್ಪು ಮಾಡಿರುತ್ತಾರೆ. ತಲೆ ತೂರಿಸಿದ ಪ್ರಾಣಿ ಹೆದರಿ ಎಳೆಯುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಕಟ್ಟುವುದು ಹಂದಿಗೆ. ಆದರೆ ಕಂಡಿಯಲ್ಲಿ ಯಾರು ಬರುತ್ತಾರೆ ಅಂತ ವೈರಿಗೆ ಗೊತ್ತಾ? ಒಮ್ಮೆ ಮೆಕ್ಕೆಜೋಳದ ಹೊಲದಂಚಿನಲ್ಲಿ ನಾವು ನೋಡಿದ್ದು ಹೆಣ್ಣು ಕೊಂಡುಕುರಿ. ಕುತ್ತಿಗೆಯಲ್ಲಿ ವೈರು ಚರ್ಮದೊಳಗೆ ಇಳಿದುಹೋಗಿತ್ತು. ಸುತ್ತಲಿನ ಮಣ್ಣನ್ನು ಗೊರಸಿನಿಂದ ಕೆರೆದು ಕೆರೆದು ಗುಂಡಿಯೇ ಆಗಿತ್ತು.

ಹೊಲದ ಯಜಮಾನರನ್ನು ಬೈಯುವುದು ಸುಲಭ. ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ಅಲ್ಲ ಸಾರ್, ಹಂದಿ ಹಿಂಡು ಬಂದ್ರೆ ಒಂದೇ ರಾತ್ರಿಗೆ ಜ್ವಾಳ ಎಲ್ಲಾ ಮಲಗಿಸಿ ಹೋಗ್ತೈತೆ. ಡೆಲ್ಲಿಯವ್ರು ಬಂದು ಕಾಯ್ತಾರಾ ನಮ್ಮ ಹೊಲಾನ?' ಈ ಮಾತು ಮುಂದೆ ನಮ್ಮ ಪ್ರಶ್ನೆಯೊಳಗೇ ಬಂತು, ಬೇರೆ ರೂಪದಲ್ಲಿ.

ಇದಕ್ಕೆ ಮುಂಚೆ, 2022ರ ಆರಂಭದಲ್ಲೇ, ಸಂಸತ್ತಿನ ಬಾಗಿಲನ್ನು ಒಮ್ಮೆ ತಟ್ಟಿದ್ದೆವು. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದಿತ್ತು. ಅದು ಪರಿಶೀಲನೆಗೆ ಜೈರಾಮ್ ರಮೇಶ್ ಅಧ್ಯಕ್ಷರಾಗಿದ್ದ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ ಜನರ ಅಭಿಪ್ರಾಯ ಕರೆಯಿತು. ಯಾರು ಬೇಕಾದರೂ ಬರೆಯಬಹುದು ಎನ್ನುವುದೇ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಆದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಬರೆಯಬೇಕು, ಅದೊಂದು ಕಿರಿಕಿರಿ. ನಾನು ನುಡಿ ತಂತ್ರಾಂಶದಲ್ಲಿ ಕನ್ನಡದ ಕರಡು ಟೈಪ್ ಮಾಡಿದೆ, ಗುಂಪಿನ ಕಾಲೇಜು ಮೇಷ್ಟ್ರೊಬ್ಬರು ಇಂಗ್ಲಿಷಿಗೆ ತಂದರು.

ನಾವು ಬರೆದಿದ್ದು ಮುಖ್ಯವಾಗಿ ಸೆಕ್ಷನ್ 62ರ ಬಗ್ಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1972ರ ಕಾಯ್ದೆಯಲ್ಲಿ ಪ್ರಾಣಿ, ಸಸ್ಯಗಳನ್ನು ಪಟ್ಟಿ ಮಾಡಿದ ಆರು ಷೆಡ್ಯೂಲ್‌ಗಳಿದ್ದವು. ಐದನೆಯದು ಉಪದ್ರವಕಾರಿ ಪ್ರಾಣಿಗಳ ಪಟ್ಟಿ: ಕಾಗೆ, ಬಾವಲಿ, ಇಲಿ, ಹೆಗ್ಗಣ. ಅವನ್ನು ಯಾರು ಕೊಂದರೂ ಕೇಳುವಂತಿರಲಿಲ್ಲ. ಹೊಸ ಮಸೂದೆ ಷೆಡ್ಯೂಲ್‌ಗಳನ್ನು ನಾಲ್ಕಕ್ಕೆ ಇಳಿಸಿತು, ಐದನೆಯದನ್ನು ತೆಗೆದೇ ಹಾಕಿತು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಒಂದು ಪ್ರಾಣಿಯನ್ನು ಇಂಥ ಜಾಗದಲ್ಲಿ ಇಷ್ಟು ಕಾಲ ಉಪದ್ರವಕಾರಿ ಎಂದು ಘೋಷಿಸುವ ಕೇಂದ್ರದ ಅಧಿಕಾರ ಸೆಕ್ಷನ್ 62ರಲ್ಲಿ ಹಾಗೇ ಉಳಿಯಿತು. ಷೆಡ್ಯೂಲ್ 2ರಲ್ಲಿರುವ ಯಾವುದಕ್ಕೂ ಅದು ಅನ್ವಯಿಸುತ್ತದೆ. ಕಾಡುಹಂದಿ ಈಗ ಇರುವುದು ಅಲ್ಲೇ. ಹಿಂದೆ ಬಿಹಾರದಲ್ಲಿ ನೀಲಗಾಯ್, ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ಕೋತಿಗಳನ್ನು ಹೀಗೆ ಘೋಷಿಸಿದ್ದೂ ಇದೆ. ನಮ್ಮ ವಾದ ಇಷ್ಟೇ: ಹಂದಿಗೆ ಕಾನೂನು ಸಡಿಲ ಮಾಡುವ ಜಾಗದಲ್ಲಿ ಕನಿಷ್ಠ ಉರುಳನ್ನಾದರೂ ಸ್ಪಷ್ಟವಾಗಿ ನಿಷೇಧಿಸಿ. ಗುಂಡು ಹಂದಿಯನ್ನು ನೋಡಿ ಹೊಡೆಯುತ್ತದೆ, ಉರುಳು ಯಾರನ್ನೂ ನೋಡುವುದಿಲ್ಲ.

ಸಮಿತಿ 2022ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಮಸೂದೆ ಆಗಸ್ಟ್ 2ರಂದು ಲೋಕಸಭೆಯಲ್ಲಿ, ಡಿಸೆಂಬರ್ 8ರಂದು ರಾಜ್ಯಸಭೆಯಲ್ಲಿ ಪಾಸಾಯಿತು. 2023ರ ಏಪ್ರಿಲ್ 1ರಿಂದ ಜಾರಿ. ನಾವು ಕೇಳಿದ್ದು ಕಾಯ್ದೆಯಲ್ಲಿ ಬರಲಿಲ್ಲ. ದಂಡ ಮಾತ್ರ ಏರಿತು. ಸಾಮಾನ್ಯ ಅಪರಾಧಕ್ಕೆ 25,000 ರೂಪಾಯಿವರೆಗೆ ಇದ್ದದ್ದು 1 ಲಕ್ಷದವರೆಗೆ ಹೋಯಿತು. ಕೊಂಡುಕುರಿಯಂಥ ಷೆಡ್ಯೂಲ್ 1ರ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ದಂಡ. ದಂಡ ಏರಿಸಿದರೆ ಬೇಟೆ ನಿಲ್ಲುತ್ತದೆ ಎಂದು ನನಗೇನೂ ಅನಿಸುವುದಿಲ್ಲ. ಸಿಕ್ಕಿಬೀಳುತ್ತೇನೆ ಎಂಬ ಭಯ ಇದ್ದರೆ ತಾನೇ ದಂಡದ ಭಯ.

ಇನ್ನು ಪ್ರಶ್ನೆಯ ಕಥೆ. ಮೊದಲನೆಯದು, ನಿಮ್ಮ ಕ್ಷೇತ್ರದ ಸಂಸದರೇ ಕೇಳಬೇಕು ಎಂದೇನಿಲ್ಲ. ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ. ಯಾರು ಬೇಕಾದರೂ ಕೇಳಬಹುದು. ಹಳೇ ಅಧಿವೇಶನಗಳ ಪ್ರಶ್ನೋತ್ತರ ಎಲ್ಲಾ ಸದನದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪರಿಸರ ಸಚಿವಾಲಯಕ್ಕೆ ಯಾರ್ಯಾರು ಪ್ರಶ್ನೆ ಹಾಕುತ್ತಾರೆ ಅಂತ ಅದರಲ್ಲಿ ಹುಡುಕಿದೆವು. ಆಸಕ್ತಿ ಇರುವವರ ಹೆಸರು ಪದೇ ಪದೇ ಕಾಣುತ್ತದೆ. ಹಾಗೆ ಒಬ್ಬರನ್ನು ಹಿಡಿದೆವು, ನಮ್ಮ ಕ್ಷೇತ್ರದವರಲ್ಲ. ಸಂಸದರಿಗಿಂತ ಅವರ ಪಿಎ ಮುಖ್ಯ. ಈ ಪಿಎ ಬಹಳ ನೇರ ಮನುಷ್ಯ. 'ಸರ್, ಹತ್ತು ಪುಟ ಕಳಿಸಬೇಡಿ. ನಾನು ಹಾಗೇ ಕಾಪಿ ಮಾಡಿ ಪೋರ್ಟಲ್‌ಗೆ ಹಾಕೋ ಹಾಗೆ ಕಳಿಸಿ' ಎಂದರು. ನನ್ನ ಕಸುಬೇ ಅದು.

ಗುಂಪಿನ ಸಭೆಯಲ್ಲಿ ಎಲ್ಲರೂ ಕೇಳಬೇಕೆಂದಿದ್ದ ಪ್ರಶ್ನೆ ಹೀಗಿತ್ತು: 'ರಂಗಯ್ಯನದುರ್ಗದಲ್ಲಿ ಬೇಟೆ ತಡೆಯಲು ಸರ್ಕಾರ ಏನು ಕ್ರಮ ಕೈಗೊಂಡಿದೆ?' ಮಂಡಕ್ಕಿ ಮೆಣಸಿನಕಾಯಿ ಖಾಲಿಯಾಗುವವರೆಗೂ ಇದರ ಮೇಲೇ ಚರ್ಚೆ ನಡೆಯಿತು. ಈ ಪ್ರಶ್ನೆ ಕೇಳಿದರೆ ಬರುವ ಉತ್ತರವನ್ನು ನಾನೇ ಅಂಗಡಿಯಲ್ಲಿ ಕೂತು ಟೈಪ್ ಮಾಡಿಕೊಡಬಲ್ಲೆ. ವನ್ಯಜೀವಿ ನಿರ್ವಹಣೆ ಮುಖ್ಯವಾಗಿ ರಾಜ್ಯ ಸರ್ಕಾರದ ಜವಾಬ್ದಾರಿ, ಇಂಥ ಮಾಹಿತಿಯನ್ನು ಸಚಿವಾಲಯದ ಮಟ್ಟದಲ್ಲಿ ಕ್ರೋಡೀಕರಿಸುವುದಿಲ್ಲ, ಕಾಯ್ದೆಯಲ್ಲಿ ಕಠಿಣ ಶಿಕ್ಷೆ ಇದೆ. ಮುಗಿಯಿತು. ಹಳೇ ಉತ್ತರಗಳನ್ನು ಓದಿದರೆ ಈ ಮೂರು ವಾಕ್ಯ ಎಷ್ಟು ಸಲ ಸಿಗುತ್ತವೋ.

ರಾಜ್ಯದ ಜವಾಬ್ದಾರಿ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. 1972ರಲ್ಲಿ ಕಾಡುಪ್ರಾಣಿಗಳು ರಾಜ್ಯಪಟ್ಟಿಯ ವಿಷಯವೇ ಆಗಿದ್ದವು. ಅದಕ್ಕೇ ಸಂಸತ್ತು ಸಂವಿಧಾನದ 252ನೇ ವಿಧಿ ಬಳಸಿ, ಕೆಲವು ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ, ಈ ಕಾಯ್ದೆ ಮಾಡಬೇಕಾಯಿತು. 1976ರ 42ನೇ ತಿದ್ದುಪಡಿ ಬಂದ ಮೇಲೆ ಅರಣ್ಯವೂ ಕಾಡುಪ್ರಾಣಿ ರಕ್ಷಣೆಯೂ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಬಂದವು. ಅಂದರೆ ಕೇಂದ್ರ ಕೈ ತೊಳೆದುಕೊಳ್ಳುವಂತಿಲ್ಲ. ಲೈಸೆನ್ಸ್ ತೆಗೆದುಕೊಂಡು ಶಿಕಾರಿ ಮಾಡುವ ಕಾಲ ಮುಗಿದದ್ದೂ ಸಂಸತ್ತಿನಿಂದಲೇ, 1991ರ ತಿದ್ದುಪಡಿಯಲ್ಲಿ. ಆದರೆ ಗಾರ್ಡ್ ನೇಮಕ, ಗಸ್ತು, ಕೇಸು, ಇದೆಲ್ಲ ಬೆಂಗಳೂರಿನ ಕೈಯಲ್ಲೇ ಇದೆ. ಹಾಗಾಗಿ ಯಾರನ್ನು ಏನು ಕೇಳಬೇಕು ಎಂಬುದರಲ್ಲೇ ಪ್ರಶ್ನೆಯ ಜೀವ ಇರುವುದು. ಡೆಲ್ಲಿಯನ್ನು ಕೇಳುವುದಾದರೆ ಡೆಲ್ಲಿಯೇ ಮಾಡುವ ಕೆಲಸದ ಬಗ್ಗೆ ಕೇಳಬೇಕು.

ಕೊನೆಗೆ ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. ಪರಿಸರ, ಅರಣ್ಯ ಸಚಿವರು ತಿಳಿಸುವರೇ:

(ಎ) ಉರುಳಿಗೆ ಸಿಕ್ಕಿ ಸತ್ತ ಷೆಡ್ಯೂಲ್ 1ರ ಪ್ರಾಣಿಗಳ ಲೆಕ್ಕವನ್ನು ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಬೇರೆಯಾಗಿ ಇಡುತ್ತದೆಯೇ;
(ಬಿ) ಇಟ್ಟಿದ್ದರೆ ಕಳೆದ ಮೂರು ವರ್ಷದ ರಾಜ್ಯವಾರು ವಿವರ, ಇಡದಿದ್ದರೆ ಕಾರಣ;
(ಸಿ) ವನ್ಯಜೀವಿ ಆವಾಸ ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕಕ್ಕೆ ವರ್ಷವಾರು ಬಿಡುಗಡೆಯಾದ ಹಣ, ಅದರಲ್ಲಿ ಬೆಳೆ ಹಾನಿ ತಡೆಗೆ ಮತ್ತು ಬೇಟೆ ತಡೆ ಶಿಬಿರಗಳಿಗೆ ಎಷ್ಟು;
(ಡಿ) ಸೆಕ್ಷನ್ 62ರಡಿ ರಾಜ್ಯಗಳಿಂದ ಬಂದ ಪ್ರಸ್ತಾವಗಳು ಯಾವುವು, ಅವುಗಳ ಸ್ಥಿತಿ ಏನು.

ಆ ಹೊಲದ ಯಜಮಾನರ ಸಿಟ್ಟು (ಸಿ)ಯಲ್ಲಿ ಕೂತಿದೆ, ನೋಡಿ. ಕೊಂಡುಕುರಿ ಹೆಸರು ಎಲ್ಲೂ ಇಲ್ಲ ಎಂದು ಗುಂಪಿನ ಕೆಲವರಿಗೆ ಬೇಜಾರಾಯಿತು. ಹೆಸರು ಹಾಕಿದ್ದರೆ ಅದು ಒಂದು ತಾಲ್ಲೂಕಿನ ವಿಷಯವಾಗಿ ಬಿದ್ದುಹೋಗುತ್ತಿತ್ತು. ಅದೂ ಅಲ್ಲದೆ ಲೋಕಸಭೆಯ ಪ್ರಶ್ನೆಗೆ 150 ಪದದ ಮಿತಿ ಇದೆ, ಇಂಗ್ಲಿಷಿನಲ್ಲಿ ಲೆಕ್ಕ ಹಾಕಿ ಕತ್ತರಿಸಬೇಕು. 15 ದಿನ ಮುಂಚೆ ನೋಟಿಸ್ ಹೋಗಬೇಕು. ಆಮೇಲೆ ಯಾವ ಪ್ರಶ್ನೆ ಪಟ್ಟಿಗೆ ಸೇರುತ್ತದೆ ಎನ್ನುವುದಕ್ಕೆ ಲಾಟರಿ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದವು. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶ. ಇಲ್ಲದಿದ್ದರೆ ಬರೆದ ಉತ್ತರ ಮೇಜಿನ ಮೇಲೆ ಬರುತ್ತದೆ ಅಷ್ಟೇ. ಎಲ್ಲರಿಗೂ ಚುಕ್ಕೆಯ ಆಸೆ, ಟಿವಿಯಲ್ಲಿ ಬರುತ್ತದಲ್ಲ. ನನ್ನ ಕೇಳಿದರೆ ಚುಕ್ಕೆ ಇಲ್ಲದ್ದೇ ವಾಸಿ. ಗಲಾಟೆಯಾಗಿ ಸದನ ಮುಂದೂಡಿದರೂ ಬರೆದ ಉತ್ತರ ಬಂದೇ ಬರುತ್ತದೆ. ನಮಗೆ ಬೇಕಾಗಿದ್ದೂ ಕಾಗದವೇ.

ಮೊದಲ ಅಧಿವೇಶನದಲ್ಲಿ ಲಾಟರಿ ಹತ್ತಲಿಲ್ಲ. ಮುಂದಿನದರಲ್ಲಿ ಹತ್ತಿತು. ಉತ್ತರ ಬಂದ ಸೋಮವಾರ ಪಿಎ ವಾಟ್ಸ್ಆ್ಯಪಿನಲ್ಲಿ ಪಿಡಿಎಫ್ ಕಳಿಸಿದರು. ಸಚಿವಾಲಯದವರದ್ದು ಒಂದು ಚಾಲಾಕಿ ಇದೆ. ನಾವು ನಾಲ್ಕು ಭಾಗ ಮಾಡಿ ಕೇಳಿದರೂ ಅವರು '(ಎ) ಮತ್ತು (ಬಿ)' ಎಂದು ಒಟ್ಟು ಸೇರಿಸಿ ಒಂದೇ ಪ್ಯಾರಾ ಬರೆಯುತ್ತಾರೆ. ಹಾಗೆ ಸೇರಿಸಿದ ಕಡೆಯೇ ಉತ್ತರ ಇಲ್ಲ ಎಂದು ತಿಳಿದುಕೊಳ್ಳಬೇಕು. ಉರುಳಿನ ಲೆಕ್ಕ ಬರಲೇ ಇಲ್ಲ. ಬ್ಯೂರೋ ರಾಜ್ಯಗಳ ಜೊತೆ ಸಮನ್ವಯ ಮಾಡುತ್ತದೆ, ಎಚ್ಚರಿಕೆ ಕಳಿಸುತ್ತದೆ, ಇತ್ಯಾದಿ. ಆದರೆ (ಸಿ)ಗೆ ಅನುಬಂಧದಲ್ಲಿ ಒಂದು ಕೋಷ್ಟಕ ಬಂತು. ಹಣದ ಪ್ರಶ್ನೆಗೆ ಮಾತ್ರ ಯಾವಾಗಲೂ ಸರಿಯಾದ ಉತ್ತರ ಬರುತ್ತದೆ, ಯಾಕೆಂದರೆ ಕೊಟ್ಟಿದ್ದೇವೆ ಎಂದು ತೋರಿಸಿಕೊಳ್ಳಲು ಅವರಿಗೂ ಇಷ್ಟ.

ಆ ಕೋಷ್ಟಕ ಹಿಡಿದುಕೊಂಡು ಅರಣ್ಯ ಕಚೇರಿಗೆ ಹೋದೆವು. ಮೊದಲು ಹೊರಗೆ ಬೆಂಚಿನ ಮೇಲೆ ಕೂರಿಸುತ್ತಿದ್ದವರು ಈ ಸಲ ಒಳಗೆ ಕರೆದು ಚಹಾ ಕೊಟ್ಟರು. ಲೋಕಸಭೆಯ ಕಾಗದದಲ್ಲಿ ಕರ್ನಾಟಕದ ಮುಂದೆ ಅಂಕಿ ಇರುವಾಗ ನಮ್ಮ ವನ್ಯಧಾಮಕ್ಕೆ ಅದರಲ್ಲಿ ಏನು ಬಂತು ಎಂದು ಕೇಳುವುದಕ್ಕೆ ಬೇರೆಯದೇ ತೂಕ. ಬಂದ ಲಾಭ ದೊಡ್ಡದೇನಲ್ಲ. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡಂಚಿನ ಬೇಲಿಗಳಲ್ಲಿ ಉರುಳು ಹುಡುಕಲು ಸಿಬ್ಬಂದಿಯ ಜೊತೆ ನಮ್ಮನ್ನೂ ಕರೆದುಕೊಂಡು ಹೋಗಲು ಒಪ್ಪಿದರು. ಕಾಯ್ದೆಯ ವ್ಯಾಖ್ಯಾನದಲ್ಲಿ ಉರುಳು ಹಾಕುವುದೂ, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಪ್ರಾಣಿ ಸಾಯಬೇಕಾಗಿಲ್ಲ. ಇದನ್ನು ಊರಿನ ಕಟ್ಟೆ ಮೇಲೆ ಕೂತು ಹೇಳಿದಾಗ ತುಂಬಾ ಜನ ನಿಜಕ್ಕೂ ಆಶ್ಚರ್ಯಪಟ್ಟರು.

ಹಿಡಿಯುವುದೂ ಬೇಟೆಯೇ ಎಂದರೆ ಇನ್ನೊಂದು ತಲೆನೋವು ಎದುರಾಗುತ್ತದೆ. ಚಿತ್ರದುರ್ಗದ ಕಡೆ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು ತಂದು ಪೂಜೆ ಮಾಡಿ ಮತ್ತೆ ಬಿಡುವ ಪದ್ಧತಿ ಇದೆ. ಕಾನೂನಿನ ಕಣ್ಣಿಗೆ ಅದೂ ಅಪರಾಧವೇ. ನಾನಂತೂ ಅದರ ಮೇಲೆ ಪ್ರಶ್ನೆ ಬರೆಯಲು ಹೋಗುವುದಿಲ್ಲ. ಕ್ಲಚ್ ವೈರು ಕಟ್ಟುವವನನ್ನೂ ಮೊಲಕ್ಕೆ ಕುಂಕುಮ ಹಚ್ಚಿ ಬಿಡುವವರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಊರಿನವರು ನಮ್ಮ ಜೊತೆ ಮಾತೇ ಬಿಡುತ್ತಾರೆ.

ಮಂತ್ರಿಯಲ್ಲದ ಸಂಸದರೊಬ್ಬರಿಂದ ಖಾಸಗಿ ಮಸೂದೆ ಮಂಡನೆ ಮಾಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸ್ವಾತಂತ್ರ್ಯ ಬಂದಮೇಲೆ ಪಾಸಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಹಾಗಂತ ಪೂರ್ತಿ ವ್ಯರ್ಥವೂ ಅಲ್ಲ. 1950ರ ದಶಕದಲ್ಲಿ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿ ಹಿಂಸೆ ತಡೆಗೆ ಮಸೂದೆ ತಂದು, ನೆಹರೂ ಭರವಸೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಂಡರು. 1960ರಲ್ಲಿ ಸರ್ಕಾರವೇ ಕಾಯ್ದೆ ಮಾಡಿತು. ಅಂಥ ಕೆಲಸಕ್ಕೆ ಅಂಥವರೇ ಬೇಕು, ಡಿಟಿಪಿ ಅಂಗಡಿಯವನಿಂದ ಆಗುವಂಥದ್ದಲ್ಲ.

ಈಗ ವಿಧಾನಸಭೆಗೆ ಬೇರೆ ಪ್ರಶ್ನೆ ತಯಾರು ಮಾಡುತ್ತಿದ್ದೇವೆ. ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ ವನ್ಯಧಾಮ ಎರಡರಲ್ಲೂ ಮಂಜೂರಾದ ಗಾರ್ಡ್ ಹುದ್ದೆ ಎಷ್ಟು, ಖಾಲಿ ಎಷ್ಟು, ಉರುಳಿನ ಕೇಸು ಎಷ್ಟು ದಾಖಲಾಗಿವೆ, ಎಷ್ಟರಲ್ಲಿ ಶಿಕ್ಷೆಯಾಗಿದೆ, ಹಂದಿಯಿಂದ ಬೆಳೆ ಕಳೆದುಕೊಂಡವರಿಗೆ ಪರಿಹಾರ ಸಿಗಲು ಎಷ್ಟು ತಿಂಗಳು ಹಿಡಿಯುತ್ತಿದೆ. ಇಲ್ಲಿ ರಾಜ್ಯದ ವಿಷಯ ಎಂದು ಜಾರಿಕೊಳ್ಳಲು ದಾರಿ ಇಲ್ಲ. ನಿಮ್ಮ ತಾಲ್ಲೂಕಿಗೂ ಇಂಥದ್ದು ಬರೆಯುವುದಾದರೆ ಕರಡು ನನ್ನ ಹತ್ತಿರ ಇದೆ, ಜಾಗದ ಹೆಸರು ಬದಲಾಯಿಸಿಕೊಂಡರೆ ಸಾಕು. ಟೈಪಿಂಗ್ ದುಡ್ಡು ಬೇಡ.