ಸಾಂಟಾ ರೋಸಾ ದ್ವೀಪದ ಸೇಜ್ ಗಿಡ ನಮ್ಮ ಹಿತ್ತಲಿನಲ್ಲಿ
ದಕ್ಷಿಣ ಕ್ಯಾಲಿಫೋರ್ನಿಯದ ಕರಾವಳಿಯಾಚೆಗಿನ ಸಾಂಟಾ ರೋಸಾ ದ್ವೀಪದಲ್ಲಿ ಸಸ್ಯವಿಜ್ಞಾನಿ ಟೌನ್‌ಶೆಂಡ್ ಬ್ರಾಂಡಿಜೀ 1888ರಲ್ಲಿ ಸಂಗ್ರಹಿಸಿದ ಸೇಜ್ ಗಿಡಕ್ಕೆ ಸಾಲ್ವಿಯಾ ಬ್ರಾಂಡಿಜೀಯೈ ಎಂಬ ಹೆಸರಿದೆ. ಆ ದ್ವೀಪವನ್ನೂ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯದ ಉತ್ತರ ಕರಾವಳಿಯ ಕೆಲವು ಜಾಗಗಳನ್ನೂ ಬಿಟ್ಟರೆ ಅದು ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ದ್ವೀಪದಲ್ಲಿ ಬಹುಕಾಲ ಕುರಿಗಳೂ ಆಮೇಲೆ ದನಗಳೂ ಮೇಯ್ದವು. ದನಗಳನ್ನು ಅಲ್ಲಿಂದ ತೆರವುಗೊಳಿಸಿದ್ದು 1998ರಲ್ಲಿ. ಅಲ್ಲಿಂದ ಯಾರೂ ಗಿಡ ಕೀಳುವಂತಿಲ್ಲ, ಕೀಳಬೇಕಾಗಿಯೂ ಇಲ್ಲ. ನಾಡಗಿಡಗಳನ್ನೇ ಬೆಳೆಸುವ ನರ್ಸರಿಗಳಲ್ಲಿ ಕಡ್ಡಿಯಿಂದ ಬೆಳೆಸಿದ ಸಸಿಗಳು ಸಿಗುತ್ತವೆ. ಸ್ಯಾನ್ ಡಿಯಾಗೊದ ನಮ್ಮ ಮನೆಯ ಹಿತ್ತಲಿನಲ್ಲಿರುವುದೂ ಅಂಥ ಸಸಿಯೇ.

ತುಳಸಿ, ದೊಡ್ಡಪತ್ರೆ, ತುಂಬೆಗಳ ಕುಟುಂಬಕ್ಕೇ ಸೇರಿದ ಈ ಗಿಡದ ಎಳೆಯ ಕಾಂಡವನ್ನು ಬೆರಳಿನಲ್ಲಿ ಹೊರಳಿಸಿದರೆ ಅದು ಚೌಕವಾಗಿರುವುದು ತಿಳಿಯುತ್ತದೆ. ತಿಳಿನೇರಳೆ ಬಣ್ಣದ ಹೂಗಳು ತುಂಬೆಯಲ್ಲಿರುವಂತೆಯೇ ಕಾಂಡದ ಸುತ್ತ ಚೆಂಡುಚೆಂಡಾಗಿ ಕೂರುತ್ತವೆ. ಎಲೆಯ ಮೇಲ್ಭಾಗ ದಟ್ಟ ಹಸಿರು ಮತ್ತು ಸುಕ್ಕುಸುಕ್ಕು. ಮಗುಚಿದರೆ ಕೆಳಗೆ ಬಿಳಿಯ ರೋಮದ ಹೊದಿಕೆ, ಅಂಚುಗಳು ಒಳಕ್ಕೆ ಮಡಿಚಿಕೊಂಡಿರುತ್ತವೆ. ಹತ್ತಿರದ ಬಂಧುವಾದ ಬ್ಲ್ಯಾಕ್ ಸೇಜ್‌ನಿಂದ ಇದನ್ನು ಬೇರ್ಪಡಿಸಿ ಗುರುತಿಸಲು ನಾನು ನೋಡುವುದು ಈ ಅಂಚನ್ನೂ ಬಿಳುಪನ್ನೂ. ಎಲೆಯಿಂದ ನೀರು ಆರಿಹೋಗದಂತೆ ಗಿಡ ಮಾಡಿಕೊಂಡ ಏರ್ಪಾಡು ಇದು. ಆರೈಕೆಯ ಕ್ರಮವೆಲ್ಲ ಇದರಿಂದಲೇ ಹುಟ್ಟುತ್ತದೆ.

ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಆದ್ದರಿಂದ ದೀಪಾವಳಿಯ ಹೊತ್ತಿಗೆ, ಬಿಸಿಲಿನ ಕಾವು ಇಳಿದ ಮೇಲೆ ನಾಟಿ ಮಾಡುವುದು ಸರಿಯಾದ ಕಾಲ. ನಮ್ಮದು ಜಿಗುಟು ಮಣ್ಣಾದ್ದರಿಂದ ಗುಂಡಿ ತೋಡುವ ಬದಲು ಒಂದಡಿ ಎತ್ತರದ ದಿಬ್ಬ ಮಾಡಿ, ಸಸಿಯ ಬುಡ ಸುತ್ತಲಿನ ಮಣ್ಣಿಗಿಂತ ತುಸು ಮೇಲಿರುವಂತೆ ನೆಟ್ಟೆ. ಬುಡದ ಸುತ್ತ ಹಾಸಿದ್ದು ಸಣ್ಣ ಜಲ್ಲಿ. ಗೊಬ್ಬರ ಹಾಕಲಿಲ್ಲ, ಕೊಬ್ಬಿದ ಗಿಡ ಮೆದುವಾಗಿ ಬೆಳೆದು, ಮಧ್ಯದಲ್ಲಿ ಸೀಳಿ ಮಲಗಿಬಿಡುತ್ತದೆ.

ಕಷ್ಟವಾದದ್ದು ನೀರು ಹಾಕದೆ ಇರುವುದು. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಎಲೆಗಳು ಮುದುಡಿ, ಕೆಳಗಿನವು ಉದುರಿ, ಗಿಡ ಸತ್ತೇಹೋಯಿತೇನೋ ಎನ್ನುವಂತೆ ಕಾಣುವಾಗ, ದಿನಾ ಸಂಜೆ ತುಳಸಿಗೆ ನೀರೆರೆದು ಬೆಳೆದ ಕೈ ತಾನಾಗಿಯೇ ಪೈಪಿನತ್ತ ಹೋಗುತ್ತದೆ. ಆದರೆ ಬಿಸಿ ಮಣ್ಣಿಗೆ ನೀರು ಬಿದ್ದಾಗಲೇ ಬೇರು ಕೊಳೆಸುವ ಫೈಟಾಫ್ತೊರಾ ಚುರುಕಾಗುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗ ತರುವುದೂ ಇದೇ ಕುಲದ ಸೂಕ್ಷ್ಮಜೀವಿ ಎಂಬುದನ್ನು ಊರಿನ ಓದುಗರು ಬಲ್ಲರು. ವ್ಯತ್ಯಾಸವೆಂದರೆ ಅಲ್ಲಿ ಬೋರ್ಡೊ ದ್ರಾವಣವಾದರೂ ಇದೆ, ಇಲ್ಲಿ ಬುಡ ಕಪ್ಪಾದ ಮೇಲೆ ಗಿಡ ಉಳಿಯುವ ಮಾತಿಲ್ಲ. ಹಾಗಾಗಿ ಮೊದಲ ಬೇಸಿಗೆಯಲ್ಲಿ ಮಾತ್ರ ಎರಡು ಮೂರು ವಾರಕ್ಕೊಮ್ಮೆ, ಸಮುದ್ರದ ಮಂಜು ಕವಿದ ತಂಪು ಬೆಳಗಿನಲ್ಲಿ, ನೀರು ಆಳಕ್ಕೆ ಇಳಿಯುವಂತೆ ನಿಧಾನವಾಗಿ ಹಾಯಿಸಿದೆ. ಬೇರು ಊರಿದ ಮೇಲೆ ಅದನ್ನೂ ನಿಲ್ಲಿಸಿದೆ. ಮೊದಲ ಮಳೆ ಬಿದ್ದೊಡನೆ ಕೊಂಬೆಯ ತುದಿಗಳಲ್ಲಿ ಹೊಸ ಚಿಗುರು ಕಾಣಿಸಿತು.

ವಸಂತದಲ್ಲಿ ಹೂ ಬಂದಾಗ ಜೇನುನೊಣ, ದುಂಬಿಗಳ ಸದ್ದು ದಿನವಿಡೀ ಇರುತ್ತದೆ, ಹಮ್ಮಿಂಗ್ ಬರ್ಡ್‌ಗಳೂ ಬರುತ್ತವೆ. ಹೂ ಮುಗಿದ ಮೇಲೆ ಈ ವರ್ಷದ ಬೆಳವಣಿಗೆಯ ಮೂರನೆಯ ಒಂದು ಪಾಲನ್ನು ಕತ್ತರಿಸುತ್ತೇನೆ. ಎಲೆಯಿಲ್ಲದ ಹಳೆಯ ಮರಗಟ್ಟಿದ ಕೊಂಬೆಗೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರುವುದು ಅನುಮಾನ. ಕೆಲವು ಒಣ ತೆನೆಗಳನ್ನು ಕಾಳು ತಿನ್ನುವ ಹಕ್ಕಿಗಳಿಗಾಗಿ ಬಿಡುತ್ತೇನೆ.

ಸಸಿ ಮಾಡಲು ನಾನು ನೆಚ್ಚಿಕೊಂಡಿರುವುದು ಕಡ್ಡಿಯನ್ನೇ. ಚಳಿಗಾಲದ ಆರಂಭದಲ್ಲಿ ಹೂವಿಲ್ಲದ ತುದಿಗಳನ್ನು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಮತ್ತು ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಬೆರೆಸಿದ ಕುಂಡದಲ್ಲಿ ಊರುತ್ತೇನೆ. ಮೇಲೆ ಪ್ಲಾಸ್ಟಿಕ್ ಮುಚ್ಚುವುದಿಲ್ಲ. ರೋಮವಿರುವ ಎಲೆಯಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಪಕ್ಕದ ಮನೆಯವರ ಅಂಗಳದಲ್ಲಿ ಬ್ಲ್ಯಾಕ್ ಸೇಜ್ ಇದೆ, ಈ ಎರಡೂ ಸುಲಭವಾಗಿ ಬೆರಕೆಯಾಗುತ್ತವೆ. ಆದ್ದರಿಂದ ಬುಡದಲ್ಲಿ ತಾವಾಗಿ ಹುಟ್ಟಿದ ಮರಿಗಳು ಎಷ್ಟೇ ಚೆನ್ನಾಗಿದ್ದರೂ ಅವನ್ನು ದ್ವೀಪದ ಸೇಜ್ ಎಂದು ಯಾರಿಗೂ ಕೊಡುವುದಿಲ್ಲ. ಕೇಳಿದವರಿಗೆ ಬೇರು ಬಂದ ಕಡ್ಡಿಯನ್ನು ಮುಂದಿನ ನವೆಂಬರ್‌ವರೆಗೆ ಕುಂಡದಲ್ಲೇ ಇಟ್ಟುಕೊಂಡು ಆಮೇಲೆ ಕೊಡುತ್ತೇನೆ.