ಕೆಂಧೂಳು, ಎರೆ ಮಣ್ಣಿನ ದಾರಿಯಲ್ಲಿ ಬೈಕಿನ ಚೈನು

500 ಕಿ.ಮೀ.ಗೊಮ್ಮೆ ಚೈನಿಗೆ ಎಣ್ಣೆ ಬಿಡಬೇಕು ಅನ್ನುವ ಲೆಕ್ಕ ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು ಅಂತ ಹೆದ್ದಾರಿಯಲ್ಲೇ ಓಡುವ ಗಾಡಿಗೆ ಸರಿ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಹೋಗುವ ಗಾಡಿಗೆ, ಎರೆ ಹೊಲದ ಬಂಡಿಜಾಡಿಗೆ ಇಳಿಯುವ ಗಾಡಿಗೆ ಅದು ಸಾಲದು. 250–300 ಕಿ.ಮೀ.ಗೇ ಚೈನು ನೋಡಿ. ಮಳೆಯಲ್ಲಿ ನೆನೆದರೆ ಅಂದು ಸಂಜೆಯೇ ಒರೆಸಿ ಎಣ್ಣೆ ಬಿಡಿ.

ಎಣ್ಣೆಗಿಂತ ಮೊದಲು ಒರೆಸುವ ಕೆಲಸ. ಧೂಳಿನ ಮೇಲೇ ಎಣ್ಣೆ ಸುರಿದರೆ ಎರಡೂ ಸೇರಿ ವಾಲ್ವ್ ಉಜ್ಜುವ ಪೇಸ್ಟಿನ ಹಾಗಾಗಿ, ಪಿನ್ನು ಬುಷ್‌ಗಳನ್ನು ಒಳಗಿಂದಲೇ ತೇಯುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಇಟ್ಟು ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ, ಅಂದರೆ ಚೈನು ಕೂರುವ ಹಲ್ಲಿನ ಚಕ್ರಕ್ಕೆ, ಹೋಗುತ್ತದೆ. ಇದರಲ್ಲಿ ಯಾವ ರಿಯಾಯಿತಿಯೂ ಬೇಡ.

ಸುಮಾರು 100 ಮಿ.ಲೀ. ಸೀಮೆಎಣ್ಣೆ, ಒಂದು ಹಳೆ ಟೂತ್ ಬ್ರಷ್, ಎರಡು ಹತ್ತಿ ಬಟ್ಟೆ ಚೂರು ಸಾಕು. ಸೀಮೆಎಣ್ಣೆ ಸಿಗದಿದ್ದರೆ ಚೈನ್ ಕ್ಲೀನರ್ ಸ್ಪ್ರೇ ತನ್ನಿ. ನಾಲ್ಕೂ ಬದಿ ಉಜ್ಜಿ, ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಕೊಂಡಿಗಳ ನಡುವೆ ರಬ್ಬರ್ ಉಂಗುರವಿರುವ ಓ-ರಿಂಗ್ ಚೈನಿಗೆ ಪೆಟ್ರೋಲ್, ತಂತಿ ಬ್ರಷ್ ಎರಡೂ ಬೇಡ. ರಬ್ಬರ್ ಉಂಗುರ ಕೆಟ್ಟರೆ ಕಂಪನಿಯಲ್ಲಿ ತುಂಬಿದ ಗ್ರೀಸ್ ಹೊರಬರುತ್ತದೆ, ಅದನ್ನು ಮತ್ತೆ ತುಂಬಲು ಬರುವುದಿಲ್ಲ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ನೀರನ್ನು ನೇರ ಚೈನಿಗೆ ಬಿಡಿಸಬೇಡಿ.

ಎಣ್ಣೆ ಅಂದರೆ 90 ನಂಬರ್ ಗೇರ್ ಆಯಿಲ್, ಇಲ್ಲವೇ ಚೈನ್ ಲ್ಯೂಬ್. ಗೇರ್ ಆಯಿಲ್ ಆದರೆ ಒಂದು ಊಟದ ಚಮಚದಷ್ಟು ಸಾಕು. ಕೆಳಗಿನ ಚೈನಿನ ಒಳಮೈ ಮೇಲೆ ಹನಿಹನಿಯಾಗಿ ಬಿಡುತ್ತಾ ಚಕ್ರ ತಿರುಗಿಸಿ. ಗಾಡಿ ಓಡುವಾಗ ಎಣ್ಣೆ ಹೊರಕ್ಕೆ ಚಿಮ್ಮುವುದರಿಂದ ಒಳಗಿನಿಂದ ಬಿಟ್ಟದ್ದು ರೋಲರ್ ದಾಟಿಯೇ ಹೋಗಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಹೊರಮೈ ಒರೆಸಿಬಿಡಿ. ಟೈರಿಗೆ ಹನಿ ಬಿದ್ದಿದ್ದರೆ ಸೋಪಿನ ನೀರಲ್ಲಿ ತೊಳೆಯದೆ ಗಾಡಿ ತೆಗೆಯಬೇಡಿ. ಡ್ರೈನ್ ಮಾಡಿದ ಹಳೆ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ. ಆದರೆ ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತವೆ. ಗ್ರೀಸ್ ಬಳಿದರೆ ಒಳಗೆ ಇಳಿಯದೆ ಮೇಲೇ ಕೂತು ಧೂಳು ಹಿಡಿಯುತ್ತದೆ.

ಇನ್ನು ಚೈನ್ ಟೈಟು ಮಾಡುವುದು. ಹೆಚ್ಚಿನ ಗಾಡಿ ಕೆಡುವುದು ಇಲ್ಲೇ. ಎರಡು ಸ್ಪ್ರಾಕೆಟ್‌ಗಳ ನಡುವೆ ಕೆಳಗಿನ ಚೈನನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿ ಸ್ಕೇಲಿನಲ್ಲಿ ಅಳೆಯಿರಿ. 100ರಿಂದ 150 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 20–30 ಮಿ.ಮೀ. ಆಸುಪಾಸು, ಗಾಡಿಯ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು. ಚಕ್ರ ತಿರುಗಿಸಿ ಮೂರು ನಾಲ್ಕು ಕಡೆ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ಬರಲಿ. ಹಿಂದೆ ಒಬ್ಬರು ಕೂತಾಗ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಏರಿ ಚೈನು ಇನ್ನೂ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲೇ ತಂತಿಯ ಹಾಗೆ ಎಳೆದಿಟ್ಟರೆ ಗೇರ್‌ಬಾಕ್ಸಿನ ಬೇರಿಂಗೂ ಹಿಂದಿನ ಚಕ್ರದ ಬೇರಿಂಗೂ ಹೋಗುತ್ತವೆ. ತೀರಾ ಸಡಿಲವಾದರೆ ಕವರಿಗೆ ಕಟಕಟ ಬಡಿದು, ಕೊನೆಗೆ ಹಲ್ಲು ತಪ್ಪುತ್ತದೆ.

ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರ್ ನಟ್‌ಗಳನ್ನು ಒಂದೇ ಸಮ ಕಾಲು ಸುತ್ತಿನ ಲೆಕ್ಕದಲ್ಲಿ ತಿರುಗಿಸಿ. ಅಡ್ಜಸ್ಟರ್ ಬಳಿಯ ಅಳತೆ ಗೀಟುಗಳನ್ನಷ್ಟೇ ನಂಬಬೇಡಿ; ಸ್ವಿಂಗ್ ಆರ್ಮ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ದಾರ ಹಿಡಿದು ಎರಡೂ ಬದಿ ತಾಳೆ ನೋಡಿ. ಆಕ್ಸಲ್ ಬಿಗಿ ಮಾಡುವಾಗ ಹಿಂದಿನ ಸ್ಪ್ರಾಕೆಟ್ಟಿಗೂ ಚೈನಿಗೂ ನಡುವೆ ಬಟ್ಟೆ ಸಿಕ್ಕಿಸಿ ಚಕ್ರ ತುಸು ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರಿಗೆ ಒತ್ತಿ ಕೂರುತ್ತದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಡ್ರಮ್ ಬ್ರೇಕಾದರೆ ಪೆಡಲ್ ಆಟ ಬದಲಾಗಿರುತ್ತದೆ, ಅದನ್ನೂ ಸರಿಪಡಿಸಿ. ಚೈನು ಸರಿಯಿದ್ದೂ ಎಕ್ಸಲೇಟರ್ ಕೊಟ್ಟಾಗ ಜರ್ಕ್ ಬಂದರೆ ಹಿಂದಿನ ಹಬ್ಬಿನ ರಬ್ಬರ್‌ಗಳನ್ನು ತೆಗೆದು ನೋಡಿ.

ಚೈನು ಮುಗಿದಿದೆಯೋ ಇಲ್ಲವೋ ಟೇಪಿನಲ್ಲಿ ಗೊತ್ತಾಗುತ್ತದೆ. 428 ಅಳತೆಯ ಚೈನಿನಲ್ಲಿ ಎಳೆದು ಹಿಡಿದ 21 ಪಿನ್ನುಗಳ ಅಳತೆ ಹೊಸದರಲ್ಲಿ 254 ಮಿ.ಮೀ.; 259 ಮುಟ್ಟಿದರೆ ಬದಲಿಸಿ. ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನು ಎಳೆದಾಗ ಅರ್ಧ ಹಲ್ಲು ಕಂಡರೂ ಅದೇ ಮಾತು. ಹೊಸ ಚೈನನ್ನು ತೇದ ಸ್ಪ್ರಾಕೆಟ್ ಮೇಲೆ ಹಾಕಿದರೆ ದುಡ್ಡು ದಂಡ, ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಕಿಟ್ ಆಗಿ ಹಾಕಿಸಿ. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು: ಮೇಲಿನ ಸಾಲಿನಲ್ಲಿ ಮುಂದಕ್ಕೆ. ತಿರುವುಮುರುವಾದರೆ ಕಲ್ಲು ತಗುಲಿ ಕ್ಲಿಪ್ ಹಾರುತ್ತದೆ.

ಪಿಕಪ್ ಬೇಕೆಂದು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡುವವರು ಲೆಕ್ಕ ನೋಡಿ: ಮುಂದೆ 15, ಹಿಂದೆ 45 ಹಲ್ಲು ಇದ್ದದ್ದು 14–45 ಆದರೆ ಅನುಪಾತ 3ರಿಂದ 3.21ಕ್ಕೆ ಏರಿ, ಅದೇ ವೇಗಕ್ಕೆ ಇಂಜಿನ್ ಶೇ 7ರಷ್ಟು ಹೆಚ್ಚು ತಿರುಗುತ್ತದೆ. ಹೆದ್ದಾರಿ ಓಡಾಟವೇ ಜಾಸ್ತಿಯಿದ್ದರೆ ಬೇಡ. ಅಂದಕ್ಕೆಂದು ಪೂರ್ತಿ ಚೈನ್ ಕವರ್ ಬಿಚ್ಚುವುದಂತೂ ಈ ಧೂಳಿನಲ್ಲಿ ಬೇಡವೇ ಬೇಡ.

ಮಳೆಗಾಲದಲ್ಲಿ ಎರೆ ಮಣ್ಣು ಮುಂದಿನ ಸ್ಪ್ರಾಕೆಟ್ ಕವರಿನೊಳಗೆ ತುಂಬಿ ಒಣಗಿದರೆ ಇಟ್ಟಿಗೆಯಾಗುತ್ತದೆ. ಕವರ್ ಬಿಚ್ಚಿ, ಹಸಿಯಿರುವಾಗಲೇ ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಸುಗ್ಗಿಯಲ್ಲಿ ಹೊಳಲ್ಕೆರೆ, ಹೊಸದುರ್ಗದ ಕಡೆ ರಸ್ತೆಯ ಮೇಲೇ ರಾಗಿ, ಹುರುಳಿ ಹರವಿದ್ದರೆ ಸಾಧ್ಯವಾದಷ್ಟು ಬದಿಯಿಂದ ನಿಧಾನ ದಾಟಿ. ಹುಲ್ಲು ಆಕ್ಸಲ್‌ಗೂ ಚೈನಿಗೂ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ಮುಟ್ಟಿದರೆ ಬೆಂಕಿ ಹೊತ್ತಬಹುದು. ಕಣ ದಾಟಿದ ಕೂಡಲೇ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹಿಂದಕ್ಕೆ ತಳ್ಳುತ್ತಾ ಹುಲ್ಲು ಬಿಡಿಸಿ.